ಶಿರಸಿ ಚಳಿಗೆ, ಘಟ್ಟದ ಇಳಿಜಾರಿಗೆ ಎಂಥ ಗ್ಲೌಸ್ ತಗೊಳ್ಳೋದು?

ಸೊಪ್ಪಿನಬೆಟ್ಟ

ನಮಸ್ಕಾರ ಎಲ್ಲರಿಗೂ. ಡಿಸೆಂಬರ್, ಜನವರಿಯಲ್ಲಿ ಶಿರಸಿಯಿಂದ ಬೆಳಗ್ಗೆ ಐದೂವರೆ, ಆರಕ್ಕೆ ಸೈಕಲ್ ಹೊರಡುತ್ತೆ. ವಾರದ ದಿನಗಳಲ್ಲಿ ಊರ ಸುತ್ತಲಿನ ಬೆಟ್ಟದ ಕಾಲುದಾರಿ, ಮಧ್ಯೆ ಅಡಿಕೆ ತೋಟದ ಇಳುಕಲು. ಭಾನುವಾರ ದೇವಿಮನೆ ಘಟ್ಟ ಇಳಿದು ಕತಗಾಲ, ಆಮೇಲೆ ಕುಮಟಾ. ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ) ಸೈಕಲ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ಸದ್ಯ ಇರೋದು ಅರ್ಧ ಬೆರಳಿನ ಜೆಲ್ ಗ್ಲೌಸ್. ಇಳಿಜಾರು ಶುರುವಾಗಿ ಹತ್ತು ನಿಮಿಷಕ್ಕೆ ಬೆರಳ ತುದಿ ಮರಗಟ್ಟಿ, ಬ್ರೇಕ್ ಎಷ್ಟು ಒತ್ತಿದೀನಿ ಅನ್ನೋದೇ ತಿಳಿಯಲ್ಲ.

ಕೇಳಬೇಕಾದ್ದು ಇಷ್ಟು. ಸ್ಕೀಯಿಂಗ್‌ನವರ ಥರದ ದಪ್ಪ ಗ್ಲೌಸ್ ಬೇಕಾ, ತೆಳುವೇ ಸಾಕಾ? ವಾಟರ್‌ಪ್ರೂಫ್‌ಗೆ ದುಡ್ಡು ಹಾಕೋದು ದಂಡವಾ? ಎಂ ಸೈಜ್ ಬಿಗಿ, ಎಲ್ ಸಡಿಲ, ಯಾವುದು ತಗೊಳ್ಳಲಿ? ಮುಂದಿನ ಅಕ್ಟೋಬರ್‌ಗೆ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗೋ ಯೋಚನೆ ಇದೆ, ಅಲ್ಲಿಗೂ ಇದೇ ಜೋಡಿ ಆಗುತ್ತಾ? ಎರಡು ಸಾವಿರದೊಳಗೆ ಮುಗಿದರೆ ಒಳ್ಳೇದು.

ಫ್ರೀವೀಲ್

ದಪ್ಪದ್ದು ಬೇಡ ಮಾರಾಯ್ರೆ. ನಿಮ್ಮ ಕೈ ತಣ್ಣಗಾಗ್ತಿರೋದು ಚಳಿಗಿಂತ ಹೆಚ್ಚಾಗಿ ಗಾಳಿಯಿಂದ.

ಶಿರಸಿಯಲ್ಲಿ ಜನವರಿಯ ಬೆಳಗ್ಗೆ ಸಾಮಾನ್ಯವಾಗಿ 12ರಿಂದ 15 ಡಿಗ್ರಿ. ತೀರಾ ಬಿದ್ದರೆ 10 ಅಂದುಕೊಳ್ಳಿ. 10 ಡಿಗ್ರಿಯಲ್ಲಿ 40 ಕಿ.ಮೀ. ವೇಗದಲ್ಲಿ ಇಳಿದರೆ ಬರಿ ಚರ್ಮಕ್ಕೆ ಸುಮಾರು 6 ಡಿಗ್ರಿಯ ಚಳಿ ತಟ್ಟುತ್ತೆ, ವಿಂಡ್ ಚಿಲ್ ಲೆಕ್ಕ ಹೇಳೋದು ಅದನ್ನೇ. ಅದರ ಜೊತೆ ಬೆರಳು ಒದ್ದೆಯಾಗಿದ್ದರೆ ಇನ್ನೂ ಕಷ್ಟ, ನೀರು ಆರುವಾಗ ಕೈಯ ಬಿಸಿಯನ್ನೇ ಎಳ್ಕೊಂಡು ಹೋಗುತ್ತೆ. ಆದ್ದರಿಂದ ಮೊದಲು ಗಾಳಿ ತಡೀಬೇಕು, ಆಮೇಲೆ ಇಬ್ಬನಿ, ಬೆಚ್ಚಗಿನ ಅಸ್ತರಿನ ಮಾತು ಕೊನೆಗೆ.

ಇನ್ನೊಂದು, ತೋಟಗಳು ಇರೋದು ಕಣಿವೆಯ ತಳದಲ್ಲಿ. ರಾತ್ರಿಯ ತಣ್ಣನೆ ಗಾಳಿ ಭಾರ, ಗುಡ್ಡದಿಂದ ಇಳಿದು ಅಲ್ಲೇ ಹೋಗಿ ನಿಲ್ಲುತ್ತೆ. ಬೆಟ್ಟದ ನೆತ್ತಿಯಲ್ಲಿ ಸರಿಯಿದ್ದ ಕೈ ಹಳ್ಳ ದಾಟುವಾಗ ಸೆಟೆದುಕೊಳ್ಳೋದು ಅದಕ್ಕೇ. ಮನೆ ಅಂಗಳದ ಥರ್ಮಾಮೀಟರ್ ನೋಡಿ ಗ್ಲೌಸ್ ಆರಿಸಬೇಡಿ.

ಬೇಕಾದ್ದು ಹೀಗಿರಲಿ: ಪೂರ್ತಿ ಬೆರಳಿನದು. ಕೈಯ ಹಿಂಬದಿಗೆ ಗಾಳಿ ತಡೆಯುವ ಸಾಫ್ಟ್‌ಶೆಲ್ ಬಟ್ಟೆ, ಅದರ ಒಳಗೆ ತೆಳು ಫ್ಲೀಸ್ (ಮೆತ್ತನೆ ತುಪ್ಪುಳು ಬಟ್ಟೆ). ಅಂಗೈಗೆ ಒಂದೇ ಪದರದ ಸಿಂಥೆಟಿಕ್ ಸ್ವೇಡ್ (ಮೆತ್ತನೆ ಚರ್ಮದಂಥ ಬಟ್ಟೆ), ಬ್ರೇಕ್ ಹಿಡಿಯುವ ಬೆರಳಲ್ಲಿ ಸಿಲಿಕಾನ್ ಗೆರೆಗಳು. ಮಣಿಕಟ್ಟಿನ ಪಟ್ಟಿ 5-6 ಸೆಂ.ಮೀ. ಉದ್ದ ಇದ್ದು ಜಾಕೆಟ್ ತೋಳಿನ ಒಳಗೆ ಸೇರಬೇಕು. ಮಣಿಕಟ್ಟಿನಲ್ಲಿ ರಕ್ತನಾಳ ಚರ್ಮಕ್ಕೆ ತೀರಾ ಹತ್ತಿರ, ಅಲ್ಲಿ ಎರಡು ಬೆರಳಗಲ ತೆರೆದಿದ್ದರೂ ಉಳಿದದ್ದೆಲ್ಲ ವ್ಯರ್ಥ. ಹೆಬ್ಬೆರಳ ಬೆನ್ನಿಗೆ ಟರ್ಕಿ ಟವೆಲ್ ಬಟ್ಟೆಯ ತುಂಡು ಇರಲೇಬೇಕು, ಚಳಿಯಲ್ಲಿ ಮೂಗು ಸೋರುತ್ತೆ, ನಾಚಿಕೊಳ್ಳೋಕೆ ಏನಿಲ್ಲ.

ಅಂಗಡಿಯಲ್ಲಿ ಪರೀಕ್ಷೆ ಸುಲಭ. ಗ್ಲೌಸಿನ ಹಿಂಬದಿಯ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ. ಉಸಿರು ಆಚೆಗೆ ಬಂದರೆ ವಾಪಸ್ ಇಡಿ, ಚೀಟಿಯಲ್ಲಿ ‘ವಿಂಡ್‌ಪ್ರೂಫ್’ ಅಂತ ಏನೇ ಬರೆದಿರಲಿ. ಹೊಲಿಗೆ ಇರುವ ಕಡೆ, ಬೆರಳ ಸಂದಿಯಲ್ಲೂ ಊದಿ ನೋಡಿ.

ಟೇಪು_ಕತ್ತರಿ

ಸೈಜಿನ ಬಗ್ಗೆ ಮಾತ್ರ ಹೇಳ್ತೇನೆ. ಎಂ, ಎಲ್ ಅನ್ನೋದು ಕಂಪನಿಗೊಂದು ಥರ, ಅದನ್ನು ನಂಬಬೇಡಿ. ಟೇಲರ್ ಟೇಪಿನಿಂದ ಹೆಬ್ಬೆರಳು ಬಿಟ್ಟು, ನಾಲ್ಕು ಬೆರಳ ಬುಡದ ಗೆಣ್ಣಿನ ಮೇಲೆ ಸುತ್ತಳತೆ ತೆಗೀರಿ. ಆಮೇಲೆ ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿವರೆಗೆ ಉದ್ದ. ಯುರೋಪಿನ ಅಳತೆಯಲ್ಲಿ 8 ಅಂದರೆ ಸುತ್ತಳತೆ 203 ಮಿ.ಮೀ., ಉದ್ದ 182. 9 ಅಂದರೆ 229 ಮತ್ತು 192. ಎರಡರ ಮಧ್ಯೆ ಬಂದರೆ ಚಳಿಯ ಗ್ಲೌಸಿಗೆ ದೊಡ್ಡದೇ ಸರಿ, ಬೇಸಿಗೆಯದಕ್ಕೆ ಚಿಕ್ಕದು.

ಕಾರಣ ಇದೆ. ಬೆಚ್ಚಗಿಡೋದು ಬಟ್ಟೆ ಅಲ್ಲ, ಬಟ್ಟೆಯೊಳಗೆ ಸಿಕ್ಕಿಕೊಂಡ ಗಾಳಿ. ಬಿಗಿಯಾದರೆ ಫ್ಲೀಸ್ ಚಪ್ಪಟೆಯಾಗಿ ಗಾಳಿಗೆ ಜಾಗ ಇರಲ್ಲ, ಮೇಲಿಂದ ರಕ್ತ ಓಡಾಟಕ್ಕೂ ತಡೆ. ಬಿಗಿ ಇರುವ ದುಬಾರಿ ಗ್ಲೌಸಿಗಿಂತ ಅಳತೆ ಸರಿಯಿರುವ ಸಾದಾ ಗ್ಲೌಸ್ ಬೆಚ್ಚಗಿರುತ್ತೆ.

ಹಾಕಿ ನೋಡುವಾಗ ಕೈ ಚಾಚಿ ನೋಡೋದಲ್ಲ. ಅಂಗಡಿಯಲ್ಲೇ ಯಾವುದಾದರೂ ಸೈಕಲ್ ಹ್ಯಾಂಡಲ್ ಹಿಡೀರಿ, ತೋರುಬೆರಳನ್ನು ಬ್ರೇಕ್ ಲಿವರ್ ಮೇಲಿಡಿ. ಆಗ ಬೆರಳ ತುದಿಗೂ ಗ್ಲೌಸ್ ತುದಿಗೂ 3ರಿಂದ 5 ಮಿ.ಮೀ. ಬಿಡುವು ಇರಬೇಕು. ಬೆರಳ ಸಂದಿಯ ಬಟ್ಟೆ ಸಂದಿಗೆ ಪೂರ್ತಿ ತಾಗಿರಬೇಕು. ಅಂಗೈಯಲ್ಲಿ ಬಟ್ಟೆ ಮಡಿಕೆ ಬಿದ್ದು ಗುಡ್ಡೆಯಾದರೆ ಅದು ಬೇಡ, ಎರಡು ತಾಸಿನಲ್ಲಿ ಆ ಮಡಿಕೆಯೇ ಬೊಬ್ಬೆ ಎಬ್ಬಿಸುತ್ತೆ. ಕೊನೆಗೆ ಮುಷ್ಟಿ ಬಿಗಿಹಿಡಿದು ಐದು ಸಲ ಬಿಡಿಸಿ. ಮಣಿಕಟ್ಟು ಹಿಂದೆ ಜಾರಿ ಚರ್ಮ ಕಂಡರೆ ಉದ್ದ ಸಾಲದು.

ಒಂದು ವಿಷಯ ಮರೆಯಬೇಡಿ: ಅಳತೆ ತೆಗೆಯುವುದು ಬಲಗೈಯವರಾದರೆ ಬಲಗೈಯದು. ಎರಡು ಕೈ ಸಮ ಇರೋದು ಕಮ್ಮಿ.

ಬೈತಖೋಲ್

ಕಾರವಾರದ ಕಡೆಯವರಿಗೆ ಈ ಚರ್ಚೆಯೇ ಬೇರೆ. ಇಲ್ಲಿ ಜನವರಿಯ ಬೆಳಗ್ಗೆಯೂ 20ರ ಆಸುಪಾಸು. ತೆಳು ಪೂರ್ತಿ ಬೆರಳಿನ ಗ್ಲೌಸ್ ಬಿಟ್ಟು ಇನ್ನೇನು ಹಾಕಿದರೂ ಬೆವರಿನ ಬಾವಿ. ಘಟ್ಟದ ಮೇಲಿನವರು ಕೆಳಗಿಳಿದು ಬರುವಾಗ ಇದನ್ನು ಲೆಕ್ಕಕ್ಕೆ ತಗೊಳ್ಳಿ: ಶಿರಸಿ ಸುಮಾರು 590 ಮೀಟರ್ ಎತ್ತರ, ಕುಮಟಾ ಸಮುದ್ರದ ಮಟ್ಟ. ಅಷ್ಟಕ್ಕೇ ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ, ಅದರ ಮೇಲೆ ಅಷ್ಟೊತ್ತಿಗೆ ಬಿಸಿಲೂ ಏರಿರುತ್ತೆ. ಕತಗಾಲದಲ್ಲಿ ಗ್ಲೌಸ್ ಬದಲಿಸಲೇಬೇಕು. ಅರ್ಧ ಬೆರಳಿನದ್ದು ಜೇಬಲ್ಲಿರಲಿ.

ಕಮ್ಮಿ ದುಡ್ಡಿನ ಉಪಾಯ ಒಂದಿದೆ. ಮೀನು ಬಂದರಿನ ಐಸ್ ಪ್ಲಾಂಟಿನಲ್ಲಿ, ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸದವರು ಹಾಕುವ ಗ್ಲೌಸ್ ನೋಡಿದ್ದೀರಾ? ಒಳಗೆ ಅಕ್ರಿಲಿಕ್ ಟರ್ಕಿ, ಅಂಗೈಗೆ ಲೇಟೆಕ್ಸ್ ಅದ್ದಿದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಒದ್ದೆ ಗ್ರಿಪ್ಪಿಗೂ ಅಂಟಿಕೊಂಡು ಹಿಡಿಯುತ್ತೆ. ಮೇಲೆ ಹಿಮದ ಹರಳಿನ ಗುರುತಿದ್ದು ‘ಇಎನ್ 511’ (ಚಳಿ ಗ್ಲೌಸಿನ ಯುರೋಪಿನ ಮಾನದಂಡ) ಅಂತ ಬರೆದಿದ್ದರೆ ಕೆಳಗಿನ ಮೂರು ಅಂಕಿ ಓದಿ. ಮೊದಲನೆಯದು ಗಾಳಿಯ ಚಳಿಗೆ, ಎರಡನೆಯದು ತಣ್ಣನೆ ವಸ್ತು ಮುಟ್ಟಿದಾಗಿನ ಚಳಿಗೆ, ಎರಡೂ 0ಯಿಂದ 4ರವರೆಗೆ. ಮೂರನೆಯದು ನೀರು, 1 ಇದ್ದರೆ ತಡೆಯುತ್ತೆ, 0 ಇದ್ದರೆ ಇಲ್ಲ. ಸುತ್ತಿಗೆಯ ಗುರುತಿನ ಇಎನ್ 388 ನೋಡಿ ಮೋಸ ಹೋಗಬೇಡಿ, ಅದು ಸವೆತ, ಕೊಯ್ತದ ಲೆಕ್ಕ, ಚಳಿಗೂ ಅದಕ್ಕೂ ಸಂಬಂಧ ಇಲ್ಲ.

ಕೊರತೆ ಏನಂದರೆ ಹಿಂಬದಿ ಬರೀ ಹೆಣಿಗೆ, ಗಾಳಿ ಸಲೀಸಾಗಿ ನುಗ್ಗುತ್ತೆ. ಮೆಡಿಕಲ್ ಶಾಪಿನ ನೈಟ್ರೈಲ್ ಗ್ಲೌಸ್ ಒಳಗೆ ಹಾಕಿದರೆ ಅದಕ್ಕೂ ಪರಿಹಾರ. ಕೈ ಬೆವರುತ್ತೆ, ಆದರೆ ಆ ಬೆವರು ಹೊರಗಿನ ಟರ್ಕಿಯನ್ನು ಒದ್ದೆ ಮಾಡಲ್ಲ. ಮುಕ್ಕಾಲು ತಾಸಿನ ಇಳಿಜಾರಿಗೆ ಸಾಕು. ಕೆಳಗೆ ಬಂದ ಕೂಡಲೇ ತೆಗೀಬೇಕು, ಇಲ್ಲದಿದ್ದರೆ ಕೈ ನೀರಲ್ಲಿ ನೆನೆಸಿಟ್ಟ ಹಾಗೆ ಬಿಳಿಚಿ ಚರ್ಮ ಸುಲಿಯುತ್ತೆ.

ಅಲೆನ್_ಕೀ

ಗ್ಲೌಸ್ ಬದಲಿಸಿ ಲಿವರ್ ಹಾಗೇ ಬಿಡುವವರೇ ಹೆಚ್ಚು. ಅರ್ಧ ಬೆರಳಿನಿಂದ ಫ್ಲೀಸ್ ಗ್ಲೌಸಿಗೆ ಬಂದರೆ ಬೆರಳಿನ ದಪ್ಪ ಬದಲಾಯ್ತು, ಬ್ರೇಕ್ ಸೆಟ್ಟಿಂಗ್ ಕೂಡ ಬದಲಾಗಬೇಕು.

ಮೊದಲು ಲಿವರ್ ಕ್ಲ್ಯಾಂಪ್ ಸಡಿಲಿಸಿ ಹ್ಯಾಂಡಲ್ ಮಧ್ಯಕ್ಕೆ ಸರಿಸಿ, ತೋರುಬೆರಳೊಂದೇ ಲಿವರಿನ ತುದಿಯ ಬಾಗಿನಲ್ಲಿ ಬಂದು ಕೂರುವವರೆಗೆ. ಹೈಡ್ರಾಲಿಕ್ ಬ್ರೇಕಿಗೆ ಒಂದು ಬೆರಳು ಸಾಕು. ಎರಡು ಬೆರಳು ಲಿವರ್ ಮೇಲಿಟ್ಟರೆ ಎರಡೂ ಗಾಳಿಗೆ ಒಡ್ಡಿದ ಹಾಗೆ, ಗ್ರಿಪ್ ಸುತ್ತಿದ ಬೆರಳು ಯಾವಾಗಲೂ ಹೆಚ್ಚು ಬೆಚ್ಚಗಿರುತ್ತೆ. ಆಮೇಲೆ ಗ್ರಿಪ್ಪಿಗೂ ಲಿವರಿಗೂ ಇರುವ ದೂರ ಹೊಂದಿಸುವ ರೀಚ್ ಸ್ಕ್ರೂ, ಸಾಮಾನ್ಯವಾಗಿ 2 ಅಥವಾ 2.5 ಮಿ.ಮೀ. ಅಲೆನ್ ಕೀ. ಗ್ಲೌಸ್ ಹಾಕಿಕೊಂಡೇ ತಿರುಗಿಸಿ. ಲಿವರ್ ಪೂರ್ತಿ ಒತ್ತಿ ಹಿಡಿದಾಗ ಗ್ರಿಪ್ ಮೇಲಿನ ನಡುಬೆರಳ ಗೆಣ್ಣಿಗೆ ಲಿವರ್ ತಾಗಬಾರದು. ತಾಗಿದರೆ ರೀಚ್ ಹೊರಕ್ಕೆ ಬಿಡಿ. ಎಷ್ಟು ಬಿಟ್ಟರೂ ತಾಗುತ್ತಿದ್ದರೆ ತಪ್ಪು ಗ್ಲೌಸಿನದ್ದಲ್ಲ, ಪ್ಯಾಡ್ ಸವೆದಿದೆ ಇಲ್ಲಾ ಆಯಿಲ್‌ನಲ್ಲಿ ಗಾಳಿ ಸೇರಿದೆ. ಬ್ಲೀಡ್ ಮಾಡಿಸಿ, ಅಂದರೆ ಆ ಗಾಳಿ ಹೊರಹಾಕಿಸಿ. ಶಿಮಾನೋ ಕಂಪನಿಯ ಬ್ರೇಕ್ ಆದರೆ ಮಿನರಲ್ ಆಯಿಲ್ ಮಾತ್ರ. ಕಾರಿನ ಬ್ರೇಕಿಗೆ ಹಾಕುವ ಡಾಟ್ ಫ್ಲೂಯಿಡ್ ಹಾಕಿದರೆ ಒಳಗಿನ ರಬ್ಬರ್ ಸೀಲ್ ಊದಿ ಹಾಳಾಗುತ್ತೆ.

ಲಿವರ್ ಅಲ್ಯೂಮಿನಿಯಂ, ಬೆಳಗಿನ ಹೊತ್ತು ಬೆರಳಿನ ಬಿಸಿ ಹೀರುತ್ತಲೇ ಇರುತ್ತೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 20 ಮಿ.ಮೀ. ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ತಾಗಿದರೆ ಕುಗ್ಗುವ ಕೊಳವೆ) ತಂದು 4 ಸೆಂ.ಮೀ. ತುಂಡು ಕತ್ತರಿಸಿ ಲಿವರಿಗೆ ತೊಡಿಸಿ, ಹೇರ್ ಡ್ರೈಯರಿನಲ್ಲಿ ಕಾಯಿಸಿ. ಬಿಗಿಯಾಗಿ ಕೂರುತ್ತೆ, ಒದ್ದೆ ಬೆರಳೂ ಜಾರಲ್ಲ. ಕಡ್ಡಿ ಗೀರಿ ಕಾಯಿಸೋ ಸಾಹಸ ಬೇಡ, ಪಕ್ಕದಲ್ಲೇ ರಬ್ಬರ್ ಬೂಟು, ಹೋಸ್ ಇರುತ್ತೆ.

ಗ್ರಿಪ್ ಕೂಡ ನೋಡಿ. ದಪ್ಪ ಗ್ಲೌಸ್ ಹಾಕಿದರೆ ಗ್ರಿಪ್ಪೇ ದಪ್ಪಗಾದಂತೆ, ಮುಂಗೈ ಬೇಗ ಸೋಲುತ್ತೆ. ಈಗ ದಪ್ಪದ ಗ್ರಿಪ್ ಇದ್ದರೆ ಚಳಿಗಾಲಕ್ಕೆ 30 ಮಿ.ಮೀ. ಆಸುಪಾಸಿನ ತೆಳು ಗ್ರಿಪ್ ಹಾಕಿ.

ಇಬ್ಬನಿ

ಫ್ರೀವೀಲ್ ಹೇಳಿದ್ದು ರಸ್ತೆಗೆ ಸರಿ, ಕಾಲುದಾರಿಗೆ ಅರ್ಧ ಸರಿ. ಬೆಟ್ಟದ ದಾರಿಯಲ್ಲಿ ಎರಡೂ ಕಡೆ ಕರಡದ ಹುಲ್ಲು ಎದೆಮಟ್ಟ ಇರುತ್ತೆ, ಇಬ್ಬನಿ ತುಂಬಿ ಬಾಗಿರುತ್ತೆ. ಹ್ಯಾಂಡಲ್ ತುದಿಯಲ್ಲಿ ಗೆಣ್ಣುಗಳು ಅದನ್ನೇ ಒರೆಸಿಕೊಂಡು ಹೋಗ್ತವೆ. ಒಂದು ಕಿಲೋಮೀಟರಿಗೆ ಸಾಫ್ಟ್‌ಶೆಲ್ ತೊಪ್ಪೆ. ಮಂಜು ಜೋರಿದ್ದ ದಿನ ಮರದಿಂದ ತೊಟ್ಟಿಕ್ಕೋದು ಬೇರೆ. ಮೆಂಬ್ರೇನ್ (ನೀರು ತಡೆಯುವ ತೆಳು ಪದರ) ಇರುವ ಗ್ಲೌಸ್ ಇದ್ದರೆ ಕೈ ಒಣಗಿರುತ್ತೆ.

ಫ್ರೀವೀಲ್

ಇಬ್ಬನಿಯವರೇ, ಒಪ್ಪೋದು ಕಷ್ಟ. ಮೆಂಬ್ರೇನ್ ಹೊರಗಿನ ನೀರು ತಡೆಯುತ್ತೆ, ನಿಜ. ಆದರೆ ಬೆಟ್ಟ ಹತ್ತುವಾಗ ಕೈ ಬೆವರುತ್ತಲ್ಲ, 14 ಡಿಗ್ರಿಯಲ್ಲಿ ಆ ಬೆವರು ಹೊರಹೋಗುವಷ್ಟು ಬೇಗ ಮೆಂಬ್ರೇನ್ ಉಸಿರಾಡಲ್ಲ. ಹೊರಗಿಂದ ಒದ್ದೆಯಾಗೋ ಬದಲು ಒಳಗಿಂದ ಒದ್ದೆ. ಇನ್ನೊಂದು ಕಿರಿಕಿರಿ: ಕಡಿಮೆ ಬೆಲೆಯ ವಾಟರ್‌ಪ್ರೂಫ್ ಗ್ಲೌಸಿನಲ್ಲಿ ಮೆಂಬ್ರೇನ್ ಪ್ರತ್ಯೇಕ ಚೀಲದ ಹಾಗೆ ಒಳಗೆ ತೂಗಾಡ್ತಿರುತ್ತೆ, ಬೆರಳ ತುದಿಯಲ್ಲಷ್ಟೇ ಹೊಲಿದಿರುತ್ತಾರೆ. ಒದ್ದೆ ಕೈ ಎಳೆದರೆ ಅಸ್ತರು ಪೂರಾ ಕಿತ್ತುಕೊಂಡು ಹೊರಗೆ ಬರುತ್ತೆ, ಮತ್ತೆ ಐದು ಬೆರಳಿಗೂ ಅದನ್ನು ಸೇರಿಸೋದು ರಸ್ತೆ ಬದಿಯಲ್ಲಿ ಆಗದ ಮಾತು. ಅಸ್ತರು, ಮೆಂಬ್ರೇನ್, ಹೊರಬಟ್ಟೆ ಮೂರೂ ಅಂಟಿಸಿದ್ದು ಬೇಕು ಅಂದರೆ ಎರಡು ಸಾವಿರಕ್ಕೆ ಸಿಗೋದು ಅನುಮಾನ.

ಕಾಲುದಾರಿಗೆ ನನ್ನ ಸಲಹೆ ಹ್ಯಾಂಡ್ ಗಾರ್ಡ್. ಹ್ಯಾಂಡಲಿಗೆ ಸಿಕ್ಕಿಸುವ ಪ್ಲಾಸ್ಟಿಕ್ ರೆಕ್ಕೆ. ಕರಡವೂ ತಾಗಲ್ಲ, ಲಂಟಾನ ಮುಳ್ಳೂ ಗೀರಲ್ಲ, ಗಾಳಿಯೂ ಅರ್ಧ ತಪ್ಪುತ್ತೆ.

ಇಬ್ಬನಿ

ಹ್ಯಾಂಡ್ ಗಾರ್ಡ್ ಮಾತು ಒಪ್ಪಿದೆ. ಆದರೆ ಘಟ್ಟದ ಇಳಿಜಾರಲ್ಲಿ ಬೆವರೋದು ಎಲ್ಲಿಂದ ಬಂತು, ಅಲ್ಲಿ ಪೆಡಲ್ಲೇ ತುಳಿಯಲ್ಲ. ಹತ್ತುವಾಗ ತೆಳುವಾದದ್ದು, ನೆತ್ತಿಯಲ್ಲಿ ನಿಂತು ಒಣ ಕೈಗೆ ಮೆಂಬ್ರೇನಿನದ್ದು. ಅಲ್ಲಿಯವರೆಗೆ ಅದನ್ನು ಜೆರ್ಸಿ ಒಳಗೆ ಹೊಟ್ಟೆಯ ಮೇಲೆ ಇಟ್ಟುಕೊಂಡರೆ ಬೆಚ್ಚಗಿರುತ್ತೆ. ಬ್ಯಾಗಿನಲ್ಲಿ ತಣ್ಣಗಾದ ಗ್ಲೌಸನ್ನು ತಣ್ಣಗಾದ ಕೈಗೆ ಹಾಕಿದರೆ ಅದು ಚಳಿಯನ್ನೇ ಕಾಪಾಡುತ್ತೆ.

ಇನ್ನು ನಿಯೋಪ್ರೀನ್ (ಸ್ಪಂಜಿನಂಥ ರಬ್ಬರ್) ಗ್ಲೌಸ್ ಅಂತ ಯಾರಾದರೂ ಹೇಳೋ ಮೊದಲೇ: ಅದು ಒದ್ದೆಯಾದರೂ ಬೆಚ್ಚಗಿರುತ್ತೆ, ಧೋ ಅನ್ನೋ ಮಳೆಗೆ ಚಲೋ. ನಮ್ಮ ಚಳಿಗಾಲದಲ್ಲಿ ಮಳೆ ಎಲ್ಲಿದೆ? ಒಂದೇ ವಾರಕ್ಕೆ ನಾತ.

ಸೊಪ್ಪಿನಬೆಟ್ಟ

ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂಶಯ. ಉದ್ದ ಇಳಿಜಾರಲ್ಲಿ ಕಿರುಬೆರಳು, ಉಂಗುರ ಬೆರಳು ಮಾತ್ರ ಹೆಚ್ಚು ಜೋಮು ಹಿಡಿಯುತ್ತೆ, ಬಿಸಿಲು ಬಂದ ಮೇಲೂ ಹೋಗಲ್ಲ. ಇದೂ ಚಳಿಯದ್ದೇನಾ? ಚಳಿಗಾಲದಲ್ಲಿ ಬರುವ ಟಿಬೆಟನ್ ಸ್ವೆಟರ್ ಅಂಗಡಿಯ ಉಲ್ಲನ್ ಗ್ಲೌಸ್ ಒಳಗೆ ಹಾಕಿದರೆ ಹೇಗೆ?

ಅಲೆನ್_ಕೀ

ಅಲ್ಲ. ಆ ಎರಡು ಬೆರಳಿಗೆ ಹೋಗುವ ಅಲ್ನಾರ್ ನರ ಅಂಗೈಯ ಹೊರ ಅಂಚಿನಲ್ಲಿ, ಕಿರುಬೆರಳ ಕೆಳಗಿನ ಮಾಂಸದ ದಿಂಡಿನ ಬುಡದಲ್ಲಿ ಹಾದು ಹೋಗುತ್ತೆ. ಅಲ್ಲಿ ಭಾರ ಬಿದ್ದರೆ ಆ ಎರಡೇ ಬೆರಳು ಜೋಮು ಹಿಡಿಯುತ್ತೆ. ಎಷ್ಟು ಬೆಚ್ಚಗಿನ ಗ್ಲೌಸ್ ಹಾಕಿದರೂ ಹೋಗಲ್ಲ. ಜೆಲ್ ದಿಂಬು ತಪ್ಪು ಜಾಗದಲ್ಲಿದ್ದರೆ ಹೆಚ್ಚೇ ಆಗುತ್ತೆ, ಎಷ್ಟೋ ದಪ್ಪ ಜೆಲ್ ಗ್ಲೌಸುಗಳ ಹಣೆಬರಹ ಅದೇ. ಸೀಟಿನ ಮೂತಿ ಮುಂದಕ್ಕೆ ಬಾಗಿದ್ದರೆ ಮಟ್ಟ ಮಾಡಿ, ಮೈಭಾರ ಕೈಗೆ ಜಾರೋದು ನಿಲ್ಲುತ್ತೆ. ಹ್ಯಾಂಡಲ್ ಕೆಳಗೆ 5-10 ಮಿ.ಮೀ. ಸ್ಪೇಸರ್ ಸೇರಿಸಲು ಜಾಗ ಇದ್ದರೆ ಸೇರಿಸಿ. ಲಿವರ್ ತೀರಾ ಕೆಳಗೆ ಬಾಗಿದ್ದರೆ ಸ್ವಲ್ಪ ಮೇಲೆತ್ತಿ, ಮಣಿಕಟ್ಟು ನೇರ ಇರಲಿ. ಸೈಕಲ್ ಇಳಿದು ದಿನ ಕಳೆದರೂ ಜೋಮು ಇದ್ದರೆ, ಬೆರಳಲ್ಲಿ ಹಿಡಿತ ಕಮ್ಮಿಯಾದರೆ ಡಾಕ್ಟರಿಗೆ ತೋರಿಸಿ. ಸ್ವಲ್ಪ ಚಳಿಗೇ ಬೆರಳು ಸುಣ್ಣದ ಹಾಗೆ ಬೆಳ್ಳಗಾಗಿ, ಆಮೇಲೆ ನೀಲಿ, ಕೆಂಪು ಆಗುವವರೂ ತೋರಿಸಬೇಕು, ಅದು ರಕ್ತನಾಳದ ಬೇರೆ ತೊಂದರೆ.

ಟೇಪು_ಕತ್ತರಿ

ಸ್ವೆಟರ್ ಅಂಗಡಿಯ ಗ್ಲೌಸಿನಲ್ಲಿ ಬಹುಪಾಲು ಅಕ್ರಿಲಿಕ್, ಉಣ್ಣೆ ಅಲ್ಲ. ಅಂಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾ ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನಿಸಲ್ಲ, ಅದಕ್ಕೇ ಒಳಪದರಕ್ಕೆ ಅದು ಮೇಲು. ಆದರೆ ಹೆಣಿಗೆ ದಪ್ಪ ಇದ್ದರೆ ಮೇಲಿನ ಗ್ಲೌಸ್ ಬಿಗಿಯಾಗಿ ಮತ್ತೆ ಮೊದಲಿನ ಕಥೆಯೇ. ತೆಳು ಮೆರಿನೋ ಉಣ್ಣೆಯ ಒಳಗ್ಲೌಸ್ (ಲೈನರ್), ಅದರ ಮೇಲೆ ಒಂದು ಸೈಜ್ ದೊಡ್ಡ ಗ್ಲೌಸ್. ಉಲ್ಲನ್ ಒಂದನ್ನೇ ಹಾಕಿ ಬ್ರೇಕ್ ಹಿಡಿಯಬೇಡಿ, ಗ್ರಿಪ್ ಮೇಲೆ ಜಾರುತ್ತೆ. ಚೀರೆಕಲ್ಲಿನ ಮೇಲೆ ಬಿದ್ದರೆ ಹೆಣಿಗೆಯೂ ಉಳಿಯಲ್ಲ, ಅಂಗೈಯೂ ಉಳಿಯಲ್ಲ.

ಫ್ರೀವೀಲ್

ಸ್ಪಿತಿಗೆ ಈ ಜೋಡಿ ಒಂದೇ ಸಾಲದು, ಎರಡನ್ನೂ ಒಂದರಲ್ಲಿ ಮುಗಿಸೋಕೆ ಹೋದರೆ ಎರಡು ಕಡೆಯೂ ಪಶ್ಚಾತ್ತಾಪ. ಅಕ್ಟೋಬರ್‌ನಲ್ಲಿ ಅಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ, ಕುಂಜುಮ್ ಪಾಸ್ 4,500 ಮೀಟರಿಗೂ ಮೇಲೆ. 0 ಡಿಗ್ರಿಯಲ್ಲಿ 30 ಕಿ.ಮೀ. ವೇಗ ಅಂದರೆ ಚರ್ಮಕ್ಕೆ ಮೈನಸ್ 6ರ ಚಳಿ. ಅಲ್ಲಿಗೆ ಎರಡೆರಡು ಬೆರಳು ಒಟ್ಟಿಗೆ ಸೇರುವ ಲಾಬ್ಸ್ಟರ್ ಗ್ಲೌಸ್ ಒಳ್ಳೇದು, ಬೆರಳು ಒಂದಕ್ಕೊಂದು ಬಿಸಿ ಕೊಡ್ತವೆ, ಬ್ರೇಕಿಗೂ ಬೆರಳು ಉಳಿಯುತ್ತೆ. ಅದಕ್ಕಿಂತ ಚಲೋದು ಬಾರ್ ಮಿಟ್, ಹ್ಯಾಂಡಲಿಗೇ ಕಟ್ಟುವ ಚೀಲ. ಕೈಯನ್ನು ತೆಳು ಗ್ಲೌಸಿನಲ್ಲೇ ಒಳಗೆ ತೂರಿಸಬಹುದು, ಗೇರ್, ಬ್ರೇಕ್ ಎರಡೂ ಬೆರಳಿಗೆ ಸಿಗ್ತವೆ. ಅಂದರೆ ಇಲ್ಲಿಗೆ ತಗೊಂಡ ಸಾಫ್ಟ್‌ಶೆಲ್ ಗ್ಲೌಸೇ ಅದರ ಒಳಗೆ ನಡೆಯುತ್ತೆ. ಚೀಲದ ಬಾಯಿ ಗಟ್ಟಿಯಾಗಿ ತೆರೆದೇ ಇರುವಂಥದ್ದು ನೋಡಿ. ಬಿದ್ದಾಗ ಕೈ ಹೊರಗೆ ಬರಬೇಕು. ಕಲ್ಲಿನ ಇಳಿಜಾರಲ್ಲಿ ಅದನ್ನು ಬಿಚ್ಚಿಟ್ಟೇ ಇಳಿಯಿರಿ.

ಪ್ಯಾಕೆಟ್ ಮೇಲೆ ಥಿನ್ಸುಲೇಟ್ (ಬೆಚ್ಚಗಿಡುವ ತೆಳು ನಾರಿನ ಅಸ್ತರು) 40 ಗ್ರಾಂ, 100 ಗ್ರಾಂ ಅಂತ ಇರುತ್ತಲ್ಲ, ಅದು ಒಂದು ಚದರ ಮೀಟರಿನ ತೂಕ. ಶಿರಸಿಗೆ 40 ಕೂಡ ಹೆಚ್ಚೇ.

ಇಬ್ಬನಿ

ತಗೊಂಡ ಮೇಲೆ ಕೆಡಿಸೋದು ಹೆಚ್ಚಾಗಿ ಒಣಗಿಸುವಾಗ. ಒದ್ದೆ ಗ್ಲೌಸನ್ನು ಬಚ್ಚಲ ಒಲೆ ಹತ್ತಿರ, ಅಡಿಕೆ ಬೇಯಿಸೋ ಒಲೆಯ ಪಕ್ಕ ಇಡಬೇಡಿ. ಬಿಸಿಗೆ ಪದರ ಅಂಟಿಸಿದ ಗೋಂದು ಬಿಡುತ್ತೆ, ಅಂಗೈಯ ಸ್ವೇಡ್ ಹಪ್ಪಳದಂತೆ ಸೆಟೆಯುತ್ತೆ. ಬೆರಳಿನೊಳಗೆ ಪೇಪರ್ ಸುರುಳಿ ತುರುಕಿ, ಬೆರಳು ಮೇಲೆ ಮಾಡಿ ನೆರಳಲ್ಲಿ ನಿಲ್ಲಿಸಿ, ಎರಡು ತಾಸಿಗೆ ಪೇಪರ್ ಬದಲಿಸಿ. ಹತ್ತು ಹನ್ನೆರಡು ಸಲ ಹಾಕಿದ ಮೇಲೆ ಬೆವರಿನ ಉಪ್ಪು ಕೂತು ಅಂಗೈ ಒರಟಾಗುತ್ತೆ. ಆಗ 30 ಡಿಗ್ರಿಯೊಳಗಿನ ನೀರು, ದ್ರವ ಸೋಪು, ಕೈಗೆ ಹಾಕಿಕೊಂಡೇ ಉಜ್ಜಿ ತೊಳೀರಿ. ಹಿಂಡಬೇಡಿ, ಒಣ ಟವೆಲಲ್ಲಿ ಸುತ್ತಿ ಒತ್ತಿ. ಬಟ್ಟೆ ಮೆದು ಮಾಡುವ ಕಂಡೀಷನರ್ ಹಾಕಲೇಬಾರದು, ನೀರು ಜಾರಿಸುವ ಲೇಪ ಹೋಗುತ್ತೆ. ವೆಲ್ಕ್ರೋ ಮುಚ್ಚಿಟ್ಟು ತೊಳೆಯಿರಿ, ಇಲ್ಲದಿದ್ದರೆ ಫ್ಲೀಸನ್ನೆಲ್ಲ ಕಿತ್ತು ಹಾಕುತ್ತೆ.

ಮಳೆಗಾಲಕ್ಕೆ ಅಟ್ಟದ ಮೇಲೆ ಎಸೆದರೆ ಆಗಸ್ಟ್ ಹೊತ್ತಿಗೆ ಬೂಷ್ಟು ಗ್ಯಾರಂಟಿ. ಮೇ ತಿಂಗಳ ಬಿಸಿಲು ಇರುವಾಗಲೇ ತೊಳೆದು ಪೂರ್ತಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.